ಬೀರುವಿನ ಬೀಗದ ಕೈ ಅಮ್ಮನ ಬಳಿಯೇ ಇರಲಿ

ಪ್ರಶ್ನೆ: ಮೈಸೂರಿನಲ್ಲಿ 82 ವರ್ಷದ ಅಮ್ಮನೊಬ್ಬರನ್ನು ನೋಡಿಕೊಳ್ಳುತ್ತಾ ಅವರ ಮನೆಯಲ್ಲೇ ಇದ್ದೇನೆ. ಬೀರುವಿನ ಬೀಗದ ಕೈಯನ್ನು ಅವರು ಸೊಂಟದಿಂದ ತೆಗೆಯುವುದಿಲ್ಲ. ನಾನು ಕೋಣೆಗೆ ಹೋದರೆ ಕಾಗದಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಉಂಗುರ ಕಾಣದಾದಾಗ ನನ್ನನ್ನೇ ಅನುಮಾನಿಸಿದರು. ಅದು ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ದಿಂಬಿನ ಕೆಳಗೆ ಬಿಪಿ ಮಾತ್ರೆಗಳೂ ಸಿಕ್ಕಿವೆ. ಈಗ ವಿದೇಶದಲ್ಲಿರುವ ಮಗ, ಅಮ್ಮ ಮಲಗಿದಾಗ ಬೀರು ತೆರೆದು ಫೋಟೊ ಕಳಿಸು ಎನ್ನುತ್ತಿದ್ದಾರೆ. ಸಂಬಳ ಕೊಡುವವರು ಅವರೇ. ಏನು ಮಾಡಲಿ?

ಉತ್ತರ: ಬೀರು ತೆರೆಯಬೇಡಿ. ಒಮ್ಮೆ ಅದಕ್ಕೆ ಕೈ ಹಾಕಿದರೆ, ನಾಳೆ ಏನೇ ಕಾಣೆಯಾದರೂ ತಪ್ಪು ನಿಮ್ಮ ತಲೆಗೆ ಬರುತ್ತದೆ. ಆಗ ಮಗ ನಿಮ್ಮ ಪರ ನಿಲ್ಲುತ್ತಾರೆಂಬ ನಂಬಿಕೆ ನನಗಿಲ್ಲ. "ಅಮ್ಮನ ಊಟ, ಔಷಧ, ಆರೋಗ್ಯದ ವಿಷಯ ದಿನವೂ ತಿಳಿಸುತ್ತೇನೆ ಸಾರ್, ಬೀರುವಿನ ವಿಷಯ ಅವರನ್ನೇ ಕೇಳಿ" ಎಂದುಬಿಡಿ. ಅದನ್ನೇ ವಾಟ್ಸ್‌ಆ್ಯಪ್‌ನಲ್ಲೂ ಬರೆದು ಕಳಿಸಿ, ದಾಖಲೆ ಇರಲಿ.

ಸ್ನಾನಕ್ಕೆ, ಶೌಚಕ್ಕೆ, ಸೀರೆಯ ನೆರಿಗೆ ಹಿಡಿಯಲು ಆ ಅಮ್ಮನಿಗೆ ನಿಮ್ಮ ಕೈ ಬೇಕು. ತಮ್ಮದು ಎಂದು ಅವರಿಗೆ ಉಳಿದಿರುವುದು ಆ ಬೀರು ಒಂದೇ ಇರಬಹುದು. ಅವರು ಬಚ್ಚಿಡುತ್ತಿರುವುದು ನಿಮ್ಮಿಂದಲೋ ಅಥವಾ ನಿಮ್ಮ ಮೂಲಕ ಮಗನಿಂದಲೋ ಎಂದೂ ಯೋಚಿಸಿ. ಮಗನ ಫೋನ್ ಬಂದಾಗ ನೀವು ಅಡುಗೆಮನೆಗೆ ಹೋಗಿ ತಗ್ಗಿದ ದನಿಯಲ್ಲಿ ಮಾತನಾಡುವವರಾದರೆ, ಅನುಮಾನಕ್ಕೆ ಅಷ್ಟು ಸಾಕು. ಕಿವಿ ಮಂದವಾಗಿದ್ದರಂತೂ ಎಲ್ಲರೂ ತಮ್ಮ ವಿಷಯವನ್ನೇ ಆಡಿಕೊಳ್ಳುತ್ತಿದ್ದಾರೆ ಎನಿಸುತ್ತದೆ. ಇನ್ನು ಮುಂದೆ ಅವರ ಮಂಚದ ಪಕ್ಕದಲ್ಲೇ ಕುಳಿತು, ಸ್ಪೀಕರ್ ಹಾಕಿ ಮಾತನಾಡಿ. ನನ್ನ ಪ್ರಕಾರ ಅವರ ಮನಸ್ಸು ಸಡಿಲವಾಗುವುದು ಇದರಿಂದಲೇ.

ಮಾತ್ರೆಯ ವಿಷಯವನ್ನು ಮಾತ್ರ ಮುಚ್ಚಿಡಬೇಡಿ. ಗದರಿಸದೆ, ಏಕೆ ನುಂಗುತ್ತಿಲ್ಲ ಎಂದು ಕೇಳಿ. ಕೆಲವು ಬಿಪಿ ಮಾತ್ರೆಗಳಿಂದ ಮೂತ್ರ ಹೆಚ್ಚಾಗುತ್ತದೆ. ರಾತ್ರಿ ಎದ್ದು ಬಿದ್ದೇನು ಎಂಬ ಭಯಕ್ಕೆ ಅದನ್ನು ಬಿಡುವ ವೃದ್ಧರಿದ್ದಾರೆ. ವೈದ್ಯರಿಗೆ ಹೇಳಿದರೆ ನುಂಗುವ ಹೊತ್ತನ್ನೋ ಮಾತ್ರೆಯನ್ನೋ ಬದಲಿಸಬಹುದು. ಉಂಗುರದ ಪ್ರಸಂಗವನ್ನೂ ಅವರಿಗೆ ತಿಳಿಸಿ. ಈ ಅನುಮಾನ ಹಳೆಯ ಸ್ವಭಾವವೋ ಈಚಿನದೋ ಎಂಬುದು ಹಳೆಯ ನೆರೆಹೊರೆಯವರಿಗೆ ಗೊತ್ತಿರುತ್ತದೆ. ಈಚಿನದಾದರೆ ಮರೆಗುಳಿ ಕಾಯಿಲೆಯ ಆರಂಭವಿರಬಹುದು. ವಸ್ತುವನ್ನು ತಾವೇ ಎತ್ತಿಟ್ಟು, ಮರೆತು, ಕಳವಾಯಿತು ಎನ್ನುವುದು ಅದರಲ್ಲಿ ಸಾಮಾನ್ಯ. ಮೂತ್ರದ ಸೋಂಕು, ಸೋಡಿಯಂ ಅಥವಾ ಬಿ12 ಕೊರತೆಯಿಂದಲೂ ಇಂಥ ಗೊಂದಲ ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ಮತ್ತೆ ಏನಾದರೂ ಕಾಣದಾದರೆ ವಾದಕ್ಕಿಳಿಯದೆ, "ಬನ್ನಿ ಅಮ್ಮ, ಇಬ್ಬರೂ ಹುಡುಕೋಣ" ಎನ್ನಿ.

ಮಗನ ಮಾತನ್ನು ಈಗಲೇ ಅಮ್ಮನಿಗೆ ತಿಳಿಸಿ ಇಬ್ಬರ ನಡುವೆ ಬೆಂಕಿ ಹಚ್ಚಬೇಡಿ. ಆದರೆ ಆಸ್ತಿಪತ್ರಕ್ಕಾಗಿ ಅವರನ್ನು ಯಾರಾದರೂ ಹೆದರಿಸುವುದು ಕಂಡರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಅದು ಉಚಿತ. ಹಿರಿಯರ ರಕ್ಷಣೆಗೆ 2007ರ ಕಾಯ್ದೆಯೂ ಇದೆ.

ನಿಮ್ಮ ಪಾಡನ್ನೂ ನೋಡಿಕೊಳ್ಳಿ. ತರಕಾರಿ, ಹಾಲಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆದು ದಿನವೂ ಅಮ್ಮನಿಗೆ ಓದಿ ಹೇಳಿ. ನಿಮ್ಮ ಸಾಮಾನಿಗೂ ಬೀಗವಿರುವ ಪೆಟ್ಟಿಗೆ ಕೇಳಿ ಪಡೆಯಿರಿ. ವಾರಕ್ಕೊಂದು ರಜೆಯನ್ನೂ ಕೇಳಿ. ಆ ದಿನ ಅಮ್ಮನ ಜೊತೆ ಯಾರಿರಬೇಕೆಂಬ ಏರ್ಪಾಡು ಮಗನ ಹೊಣೆ.