ಬೀಗದಕೈ ಕೊಡುವ ಮುನ್ನ

ಇಂಗ್ಲೆಂಡಿನಲ್ಲಿದ್ದೂ ಮನಸ್ಸಿನ ಮಾತನ್ನು ಕನ್ನಡದಲ್ಲೇ ಆಡಬೇಕು ಅನ್ನುವವರ ಎದುರು ಕೂತು ಕೇಳುವುದು ನನ್ನ ಕೆಲಸ, ನಾನು ಆಪ್ತಸಲಹೆಗಾರ್ತಿ. ಈ ಪ್ರಕರಣ ಬರೆಯಲು ಇದರಲ್ಲಿ ಬರುವ ಮಹಿಳೆಯ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಕೌನ್ಸಿಲ್ ಮನೆಯಲ್ಲಿ, ಅಂದರೆ ಸ್ಥಳೀಯ ಆಡಳಿತ ಕಡಿಮೆ ಬಾಡಿಗೆಗೆ ಕೊಡುವ ಮನೆಯಲ್ಲಿದ್ದು, ಬೇರೆ ಊರಿಗೆ ಹೋಗಬೇಕಾಗಿ ಬಂದು, ನಿದ್ದೆಗೆಟ್ಟು ನನ್ನ ಹತ್ತಿರ ಬಂದವರಲ್ಲಿ ಈಕೆ ನಾಲ್ಕನೆಯವರು. ಮೊದಲನೆಯವರ ವಿಷಯದಲ್ಲಿ ನಾನು ಸುಮ್ಮನಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ಆಕೆಗೆ 47. ಮದುವೆಯಾಗಿ ಇಲ್ಲಿಗೆ ಬಂದವರು, ಗಂಡನ ಹೊಡೆತ ತಾಳಲಾರದೆ ಮಗಳ ಕೈ ಹಿಡಿದು ಹೊರಬಿದ್ದವರು. ಕೆಲವು ತಿಂಗಳು ಹೆಂಗಸರ ಆಶ್ರಯಧಾಮದಲ್ಲಿದ್ದರು. ಆಮೇಲೆ ಉತ್ತರದ ಒಂದು ನಗರದಲ್ಲಿ ಎರಡು ಮಲಗುವ ಕೋಣೆಯ ಕೌನ್ಸಿಲ್ ಮನೆ ಸಿಕ್ಕಿತು, ಆಕೆಯೊಬ್ಬರ ಹೆಸರಿನಲ್ಲೇ. ಅಲ್ಲಿ 11 ವರ್ಷ. ಮಗಳು ಆಗ ದಕ್ಷಿಣದ ಇನ್ನೊಂದು ನಗರದಲ್ಲಿದ್ದಳು, ಬಸುರಿ. ಅದೇ ಊರಿನ ವೃದ್ಧಾಶ್ರಮವೊಂದರಲ್ಲಿ ತಾಯಿಗೆ ವಾರಕ್ಕೆ 30 ಗಂಟೆಯ ಕಾಯಂ ಕೆಲಸವೂ ಗೊತ್ತಾಯಿತು. ಹೋಗಬೇಕೆಂಬ ಆಸೆ ತುಂಬಾ ಇತ್ತು. ಆದರೆ ರಾತ್ರಿ ಎರಡಕ್ಕೆ ಎಚ್ಚರ, ಎದೆಬಡಿತ, ಎದ್ದು ಬಾಗಿಲು ಹಾಕಿದೆಯಾ ಅಂತ ಮತ್ತೆ ಮತ್ತೆ ನೋಡುವುದು.

ಮೊದಲ ಮೂರು ಭೇಟಿಗಳಲ್ಲಿ ನಾನು ಇದನ್ನು ಹಳೆಯ ಗಾಯ ಎಂದೇ ತಿಳಿದೆ. ಒಮ್ಮೆ ಮನೆ ಬಿಟ್ಟು ಓಡಿದವರಿಗೆ ಎರಡನೆಯ ಸಲ ಮನೆ ಬಿಡುವಾಗ ಆ ರಾತ್ರಿ ನೆನಪಾಗದೆ ಇರುವುದಿಲ್ಲ. ಹಾಗಾಗಿ ಆ ರಾತ್ರಿಯ ಬಗ್ಗೆ ಮಾತಾಡಿದೆವು, ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಆಕೆ ವಿಧೇಯ ವಿದ್ಯಾರ್ಥಿಯಂತೆ ಎಲ್ಲವನ್ನೂ ಮಾಡಿಕೊಂಡು ಬಂದರು.

ನಾಲ್ಕನೆಯ ಭೇಟಿಯಲ್ಲಿ ಕೂತವರೇ ಚೀಲದಿಂದ ಬೀಗದಕೈ ತೆಗೆದು ನಮ್ಮಿಬ್ಬರ ನಡುವಿನ ಮೇಜಿನ ಮೇಲಿಟ್ಟರು. ಎರಡು ಕೀಲಿ, ಒಂದು ಮುಂಬಾಗಿಲದು, ಇನ್ನೊಂದು ಹಿತ್ತಿಲ ಬಾಗಿಲದು. ಹಲ್ಲುಗಳು ಸವೆದು ಹೊಳೆಯುತ್ತಿದ್ದವು. ಮಗಳು ಸ್ಕೂಲಿಗೆ ಹೋಗುವಾಗ ಜಡೆಗೆ ಕಟ್ಟುತ್ತಿದ್ದ ಕೆಂಪು ಟೇಪಿನ ತುಂಡಿನಲ್ಲಿ ಎರಡನ್ನೂ ಸೇರಿಸಿ ಗಂಟು ಹಾಕಿದ್ದರು.

"ಮೇಡಂ, ನೀವು ಹೇಳಿಕೊಟ್ಟ ಉಸಿರಾಟ ದಿನಾ ಮಾಡ್ತಿದ್ದೀನಿ. ಉಸಿರು ಸರಿಯಾಗೇ ಇದೆ. ಇದನ್ನ ಒಂದ್ಸಲ ಕೊಟ್ಟುಬಿಟ್ರೆ ವಾಪಸ್ ಸಿಗತ್ತಾ? ಅದನ್ನ ಹೇಳಿ."

"ನನಗೆ ಗೊತ್ತಿಲ್ಲ" ಅಂದೆ.

"ಗೊತ್ತಿಲ್ಲ ಅಂದವರು ನೀವೊಬ್ರೇ. ಮಿಕ್ಕವರಿಗೆಲ್ಲ ಗೊತ್ತು."

ಆಮೇಲೆ ಒಂದೊಂದಾಗಿ ಹೇಳಿದರು. ಕೆಲಸದಲ್ಲಿದ್ದ ಗೆಳತಿ ಹೇಳಿದ್ದು: ನಾಲ್ಕು ವಾರದ ನೋಟಿಸ್ ಕೊಟ್ಟು ಹೊರಡು, ಅಲ್ಲಿ ಹೋಗಿ ಮತ್ತೆ ಅರ್ಜಿ ಹಾಕು. ದೂರದ ನೆಂಟರೊಬ್ಬರು ಹೇಳಿದ್ದು: ಗುರುತಿನವರನ್ನು ಒಳಗೆ ಕೂರಿಸು, ತಿಂಗಳು ತಿಂಗಳು ದುಡ್ಡು ತಗೋ, ಯಾರಿಗೂ ತಿಳಿಯಲ್ಲ. ಪಕ್ಕದ ಮನೆಯವರು ಹೇಳಿದ್ದು: ಬೀಗ ಹಾಕಿಕೊಂಡು ಹೋಗು, ಬಾಡಿಗೆ ಕಟ್ಟುತ್ತಿದ್ದರೆ ಯಾರು ಕೇಳುತ್ತಾರೆ.

"ಚಿಕ್ಕೋಳಿದ್ದಾಗ ಅಪ್ಪನ ಮನೆ, ಆಮೇಲೆ ಗಂಡನ ಮನೆ. ಬಾಗಿಲು ತೆಗಿ ಅಂತ ಯಾರೂ ಗದರಿಸೋಕೆ ಆಗದೇ ಇರೋ ಮನೆ ಅಂದ್ರೆ ಇದೊಂದೇ ಮೇಡಂ. ಇದನ್ನ ಬಿಡೋಕೆ ಹೆದರಿಕೆ ಆಗತ್ತೆ ಅಂದ್ರೆ ನನಗೆ ಕಾಯಿಲೆನಾ?"

ಆ ಪ್ರಶ್ನೆ ನನ್ನನ್ನು ಕುಟುಕಿತು. ಮೂರು ವಾರದಿಂದ ಆಕೆಯ ಹೆದರಿಕೆಗೆ ನಾನು ಔಷಧ ಹುಡುಕುತ್ತಿದ್ದೆ. ಆ ಹೆದರಿಕೆ ಸರಿಯಾದ ಲೆಕ್ಕವನ್ನೇ ಹೇಳುತ್ತಿದೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ.

ಮುಂದಿನ ವಾರ ಬಾಡಿಗೆ ಕರಾರು ತರಲು ಹೇಳಿದೆ. ಇಬ್ಬರೂ ಕೂತು ಓದಿದೆವು. ಮನೆಯ ತೊಂದರೆಗಳಿಗೆ ಸಲಹೆ ಕೊಡುವ ಶೆಲ್ಟರ್ ಸಂಸ್ಥೆಯ ಉಚಿತ ಸಹಾಯವಾಣಿಗೆ ಸ್ಪೀಕರ್‌ನಲ್ಲಿ ಫೋನ್ ಹಚ್ಚಿದೆವು. ಆಕೆ ಕೇಳಿದರು, ಎಡವಿದ ಕಡೆ ನಾನು ಇಂಗ್ಲಿಷಿಗೆ ಸಹಾಯ ಮಾಡಿದೆ. ತಿಳಿದದ್ದು ಇಷ್ಟು.

ಕರಾರು ಸೆಕ್ಯೂರ್ ಟೆನೆನ್ಸಿ, ಅಂದರೆ ಸುಮ್ಮಸುಮ್ಮನೆ ಬಿಡಿಸಲಾಗದ ಬಾಡಿಗೆ ಹಕ್ಕು, 1985ರ ಹೌಸಿಂಗ್ ಆಕ್ಟ್ ಪ್ರಕಾರದ್ದು. ಆ ರಕ್ಷಣೆ ನಿಂತಿರುವುದೇ ಅದು ಆಕೆಯ ಏಕೈಕ ಅಥವಾ ಮುಖ್ಯ ಮನೆಯಾಗಿರುವುದರ ಮೇಲೆ. ಬಾಡಿಗೆ ತಪ್ಪದೆ ಕಟ್ಟಿದರೂ, ವಾಸ ಬೇರೆ ಕಡೆ ಅಂತಾದರೆ ಆ ರಕ್ಷಣೆ ಹೋಗುತ್ತದೆ. ಪಕ್ಕದ ಮನೆಯವರ ಮಾತು ಅಲ್ಲಿಗೆ ಮುಗಿಯಿತು. ನೆಂಟರ ಮಾತು ಇನ್ನೂ ಅಪಾಯದ್ದು. ಪೂರ್ತಿ ಮನೆಯನ್ನು ಒಳಬಾಡಿಗೆಗೆ ಕೊಟ್ಟರೆ ಸೆಕ್ಯೂರ್ ಅನ್ನುವುದು ಹೋಗುತ್ತದೆ, ಮತ್ತೆ ಬರುವುದಿಲ್ಲ. 2013ರ ಕಾನೂನಿನ ಪ್ರಕಾರ ಅದು ಅಪರಾಧವೂ ಹೌದು, ವಂಚನೆಯ ಉದ್ದೇಶ ಸಾಬೀತಾದರೆ ಎರಡು ವರ್ಷದವರೆಗೆ ಜೈಲು. ಹೀಗೆ ಸಿಕ್ಕಿಬಿದ್ದವರಿಗೆ ಸಲಹೆ ಕೊಟ್ಟ ನೆಂಟರು ಕೋರ್ಟಿಗೆ ಬರುವುದಿಲ್ಲ.

ಇನ್ನು ಗೆಳತಿಯ ಮಾತು. ನೋಟಿಸ್ ಕೊಟ್ಟರೆ ಕರಾರು ಮುಗಿಯಿತು. ಹೊಸ ಊರಿನಲ್ಲಿ ಸೊನ್ನೆಯಿಂದ ಶುರು. ಇಂಗ್ಲೆಂಡಿನಲ್ಲಿ ಕೌನ್ಸಿಲ್‌ಗಳ ಕಾಯುವ ಪಟ್ಟಿಯಲ್ಲಿ 2024ರಲ್ಲಿ 13 ಲಕ್ಷಕ್ಕೂ ಹೆಚ್ಚು ಕುಟುಂಬಗಳಿದ್ದವು. 2011ರ ಲೋಕಲಿಸಂ ಆಕ್ಟ್ ಬಂದ ಮೇಲೆ ಪಟ್ಟಿಗೆ ಯಾರನ್ನು ಸೇರಿಸಿಕೊಳ್ಳಬೇಕೆಂದು ಬಹುಮಟ್ಟಿಗೆ ಆಯಾ ಕೌನ್ಸಿಲ್ಲೇ ತೀರ್ಮಾನಿಸುತ್ತದೆ. ಇಷ್ಟು ವರ್ಷ ಇಲ್ಲೇ ವಾಸವಿರಬೇಕು ಅನ್ನುವ ಷರತ್ತು ಅನೇಕ ಕಡೆ ಇದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಇರಬಹುದಾಗಿದ್ದ ಮನೆಯನ್ನು ತಾವಾಗಿ ಬಿಟ್ಟು ಆಮೇಲೆ ಬೀದಿಗೆ ಬಿದ್ದರೆ, 'ಉದ್ದೇಶಪೂರ್ವಕವಾಗಿ ಮನೆ ಕಳೆದುಕೊಂಡವರು' ಎಂದು ಬರೆಯಬಹುದು. ಆಗ ಕೌನ್ಸಿಲ್ ಮಾಡಬೇಕಾದ ಸಹಾಯ ಬಹಳ ಕುಗ್ಗುತ್ತದೆ.

ಅಂದರೆ ಆಕೆಯ ಎದೆಬಡಿತ ಹೇಳುತ್ತಿದ್ದದ್ದು ನಿಜ. ಫೋನ್ ಇಟ್ಟ ಮೇಲೆ ಆಕೆ ಅಳಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. "ಹಾಗಾದ್ರೆ ನನಗೆ ತಲೆ ಕೆಟ್ಟಿಲ್ಲ" ಅಂದರು.

ನಾನು ಕೊಟ್ಟ ಸಲಹೆ ಇದು. ಹೊಸ ಮನೆಯ ಕಾಗದಕ್ಕೆ ಸಹಿ ಬೀಳುವ ತನಕ ಹಳೆಯ ಮನೆಯ ಕೀಲಿ ಕೊಡಬೇಡಿ, ನೋಟಿಸ್ ಬರೆಯಬೇಡಿ. ಕೆಲಸ ಸಿಕ್ಕ ಪತ್ರ ಹಿಡಿದು ಹೊಸ ಊರಿನ ಕೌನ್ಸಿಲ್‌ಗೆ ರೈಟ್ ಟು ಮೂವ್ ಅಡಿಯಲ್ಲಿ ಅರ್ಜಿ ಹಾಕಿ. 2015ರಲ್ಲಿ ಬಂದ ಈ ನಿಯಮ ಇಂಗ್ಲೆಂಡಿನೊಳಗೆ ಮಾತ್ರ. ಕೌನ್ಸಿಲ್ ಅಥವಾ ಹೌಸಿಂಗ್ ಅಸೋಸಿಯೇಷನ್ (ಕಡಿಮೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆ) ಬಾಡಿಗೆದಾರರು ಕೆಲಸಕ್ಕಾಗಿ ಊರು ಬದಲಿಸಬೇಕಾಗಿದ್ದು, ಬದಲಿಸದಿದ್ದರೆ ಕಷ್ಟವಾಗುತ್ತದೆ ಅಂತಿದ್ದರೆ, 'ನಿಮಗೆ ಈ ಊರಿನ ನಂಟಿಲ್ಲ' ಎಂಬ ಕಾರಣಕ್ಕೆ ಪಟ್ಟಿಯಿಂದ ಹೊರಗಿಡುವಂತಿಲ್ಲ. ಕೆಲಸ ನಾಲ್ಕು ದಿನಕ್ಕೆ ಮುಗಿದುಹೋಗುವಂಥದ್ದಾಗಿರಬಾರದು. ವಾರಕ್ಕೆ 16 ಗಂಟೆಗಿಂತ ಕಡಿಮೆಯದನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಕೆಯದು 30 ಗಂಟೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಮನೆ ಸಿಕ್ಕಂತಲ್ಲ, ಆದ್ದರಿಂದ ಜೊತೆಗೇ ಮ್ಯೂಚುವಲ್ ಎಕ್ಸ್‌ಚೇಂಜ್, ಅಂದರೆ ಇಬ್ಬರು ಬಾಡಿಗೆದಾರರು ಮನೆ ಅದಲುಬದಲು ಮಾಡಿಕೊಳ್ಳುವ ದಾರಿಯನ್ನೂ ಹಿಡಿಯಿರಿ. ಅದಲುಬದಲಿಗೆ ಜನ ಹುಡುಕುವ ಹೋಮ್‌ಸ್ವಾಪರ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ. ಮತ್ತೆ, ಯಾರ ಜೊತೆ ಏನೇ ಮಾತಾಡಿದರೂ ಬರಹದಲ್ಲಿ ಇರಲಿ, ತಾರೀಕು ಹಾಕಿ ನಕಲು ಇಟ್ಟುಕೊಳ್ಳಿ.

ಅದಲುಬದಲಿನ ಬಗ್ಗೆ ಓದುಗರಿಗೆ ಎರಡು ಮಾತು. ಎರಡೂ ಕಡೆಯ ಮಾಲೀಕರ, ಅಂದರೆ ಕೌನ್ಸಿಲ್ ಅಥವಾ ಅಸೋಸಿಯೇಷನ್‌ನ, ಲಿಖಿತ ಒಪ್ಪಿಗೆ ಇಲ್ಲದೆ ಪೆಟ್ಟಿಗೆ ಕಟ್ಟಬೇಡಿ, ಇಬ್ಬರೂ ಮನೆ ಕಳೆದುಕೊಳ್ಳಬಹುದು. ಸೆಕ್ಯೂರ್ ಟೆನೆನ್ಸಿಯಾದರೆ ಅರ್ಜಿಗೆ ಮಾಲೀಕರು 42 ದಿನದೊಳಗೆ ಉತ್ತರಿಸಬೇಕು, ಕಾನೂನು ಪಟ್ಟಿ ಮಾಡಿದ ಕಾರಣಗಳ ಮೇಲೆ ಮಾತ್ರ ನಿರಾಕರಿಸಬಹುದು. ಸಾಮಾನ್ಯವಾಗಿ ಆ ಮನೆಯನ್ನು ಇದ್ದ ಸ್ಥಿತಿಯಲ್ಲೇ ಒಪ್ಪಿಕೊಳ್ಳುತ್ತೀರಿ, ಅನೇಕ ಸಲ ಅವರ ಕರಾರೇ ನಿಮ್ಮ ಹೆಗಲಿಗೆ ಬರುತ್ತದೆ, ಅದು ನಿಮ್ಮದಕ್ಕಿಂತ ದುರ್ಬಲವಾಗಿದ್ದರೂ. ಈಕೆ ಮೊದಲು ಒಪ್ಪಿದ ಮನೆಯ ಫೋಟೋ ಚೆನ್ನಾಗಿತ್ತು. ಹೋಗಿ ಬೀರುವಿನ ಹಿಂದೆ ಕೈಯಿಟ್ಟರೆ ಗೋಡೆ ಒದ್ದೆ, ಬೆರಳಿಗೆ ಕಪ್ಪು ಬೂಸಲು. ಬಿಟ್ಟುಬಂದರು.

ಗಂಡಹೆಂಡಿರ ಇಬ್ಬರ ಹೆಸರಿನಲ್ಲೂ ಕರಾರು ಇರುವವರು ಇನ್ನೂ ಎಚ್ಚರವಾಗಿರಬೇಕು. ಜಂಟಿ ಬಾಡಿಗೆಯಲ್ಲಿ ಸಾಮಾನ್ಯವಾಗಿ ಒಬ್ಬರು ನೋಟಿಸ್ ಕೊಟ್ಟರೂ ಇಬ್ಬರ ಹಕ್ಕೂ ಮುಗಿಯುತ್ತದೆ. ಕೋಪದಲ್ಲಿ ಬರೆದ ಒಂದು ಕಾಗದ ಸಾಕು. ಗಲಾಟೆ ಇರುವ ಮನೆಯವರು ಇದನ್ನು ಮೊದಲೇ ತಿಳಿದಿರಲಿ.

ನನ್ನ ವೃತ್ತಿಯ ಗೆಳೆಯರೊಬ್ಬರು ಇದನ್ನೆಲ್ಲ ಕೇಳಿ, "ನೀವು ಗೆರೆ ದಾಟಿದ್ರಿ. ನಮ್ಮ ಕೆಲಸ ಕೇಳೋದು, ಮನೆ ಕಾನೂನು ಹೇಳೋದಲ್ಲ" ಅಂದರು. ಅವರ ಮಾತಿನಲ್ಲಿ ಸತ್ಯವಿದೆ. ನಾನು ವಕೀಲಳಲ್ಲ. ಅದಕ್ಕೇ ಬಲ್ಲವರಿಗೆ ಫೋನ್ ಮಾಡಿದ್ದು. ಆದರೆ ನಮ್ಮ ಭಾಷೆಯಲ್ಲಿ ಈ ಕೆಲಸದ ಹೆಸರಿನಲ್ಲೇ ಸಲಹೆ ಇದೆ. ಎದುರಿಗಿದ್ದವರು ಬಾವಿಯ ಅಂಚಿನಲ್ಲಿ ನಿಂತು ಕಾಲು ನಡುಗುತ್ತಿದೆ ಅಂದಾಗ, ನಡುಕದ ಬಗ್ಗೆ ಮಾತ್ರ ಮಾತಾಡುವುದು ನನ್ನಿಂದಾಗದು.

ಒಮ್ಮೆ ಹಾಗೆ ಮಾಡಿದ್ದೆ. ಆ ಮೊದಲನೆಯವರು ಇಬ್ಬರು ಮಕ್ಕಳ ತಾಯಿ. ಅಣ್ಣನ ಮನೆಗೆ ಹೋಗಿಬಿಡುತ್ತೇನೆ ಅಂದಾಗ 'ನಿಮ್ಮ ತೀರ್ಮಾನ' ಎಂದು ತಲೆಯಾಡಿಸಿದೆ. ಕೀಲಿ ಕೊಟ್ಟರು. ನಾಲ್ಕು ತಿಂಗಳಿಗೆ ಅತ್ತಿಗೆಯ ಜೊತೆ ಮಾತು ಬಂದು ಹೊರಗೆ ಬಿದ್ದರು. ಕೌನ್ಸಿಲ್ ಆ 'ಉದ್ದೇಶಪೂರ್ವಕ' ಅನ್ನುವ ಪದವನ್ನೇ ಬರೆಯಿತು. ಪತ್ರವನ್ನು ನನಗೆ ತೋರಿಸುವಾಗ ಅವರು ನನ್ನನ್ನು ದೂರಲಿಲ್ಲ. ದೂರಿದ್ದರೆ ವಾಸಿಯಿತ್ತು.

ಈಕೆಗೆ ನನ್ನ ಸಲಹೆ ಸುಲಭವಾಗಿರಲಿಲ್ಲ. ಕೆಲಸ ಕೊಟ್ಟವರು ಆರು ವಾರ ಕಾದರು, ಅದಕ್ಕಿಂತ ಹೆಚ್ಚು ಕಾಯಲಿಲ್ಲ, ಆಕೆ ಕೆಲಸಕ್ಕೆ ಸೇರಲೇಬೇಕಾಯಿತು. ಸಹಾಯವಾಣಿಯವರನ್ನು ಮತ್ತೆ ಕೇಳಿ, ಕೌನ್ಸಿಲ್‌ಗೆ ಬರೆದು ತಿಳಿಸಿ, ವಾರಕ್ಕೆ ಮೂರು ರಾತ್ರಿ ಮಗಳ ಮನೆಯ ಸೋಫಾದ ಮೇಲೆ ಮಲಗಿ ಮಿಕ್ಕ ದಿನ ತಮ್ಮ ಮನೆಗೆ ಮರಳುತ್ತಿದ್ದರು. ಮೊಮ್ಮಗ ಹುಟ್ಟಿದ ದಿನ ಆಕೆ ರೈಲಿನಲ್ಲಿದ್ದರು. "ನಿಮ್ಮ ಮಾತು ಕೇಳಿದ್ದಕ್ಕೆ ಮಗೂನ ಮೊದಲ ಅಳು ಕೇಳಲಿಲ್ಲ" ಅಂತ ಒಂದು ಭೇಟಿಯಲ್ಲಿ ಜೋರಾಗಿಯೇ ಅಂದರು. ನಾನು ಸಮಜಾಯಿಷಿ ಕೊಡಲಿಲ್ಲ. ನಷ್ಟ ನಿಜವಾದದ್ದು.

ಒಂಬತ್ತು ತಿಂಗಳಾದ ಮೇಲೆ ಅದಲುಬದಲು ಕೂಡಿಬಂತು. ಒಂದೇ ಕೋಣೆಯ ಮನೆ, ಆದರೆ ಕರಾರು ಅಷ್ಟೇ ಗಟ್ಟಿ, ಮಗಳ ಮನೆಗೆ ಬಸ್ಸಿನಲ್ಲಿ ಹತ್ತು ನಿಮಿಷ. ಹಳೆಯ ಕೀಲಿ ಕೊಡುವಾಗ ಕೆಂಪು ಟೇಪು ಬಿಚ್ಚಿಕೊಂಡರಂತೆ, ಗಂಟು ಬಿಗಿದುಹೋಗಿ ಹಲ್ಲಿನಿಂದ ಎಳೆಯಬೇಕಾಯಿತಂತೆ.

ಹೋದ ತಿಂಗಳು ಫೋನ್ ಮಾಡಿದ್ದರು. ನಿದ್ದೆ ಬರುತ್ತಿದೆ, ಎದೆಬಡಿತ ಆಗೊಮ್ಮೆ ಈಗೊಮ್ಮೆ. ಅಡುಗೆಮನೆ ಕಿಟಕಿ ಸರಿಯಾಗಿ ಮುಚ್ಚುತ್ತಿಲ್ಲವಂತೆ.

"ಕೌನ್ಸಿಲ್‌ಗೆ ಬರೆದಿದ್ದೀನಿ ಮೇಡಂ. ತಾರೀಕು ಹಾಕಿದೀನಿ, ನಕಲೂ ಇಟ್ಕೊಂಡಿದೀನಿ."