70 ಮಿ.ಮೀ. ಟೆಲಿಸ್ಕೋಪಿನಲ್ಲಿ ಗುರು ಗ್ರಹ ಸಿಗದಿದ್ದರೆ

ಗುರು ಸಿಗುತ್ತಿಲ್ಲ, ಬರೀ ಕತ್ತಲು ಕಾಣುತ್ತದೆ ಎಂದು ಕೇಳಿದ್ದೀರಿ. ನಿಮ್ಮ 700 ಮಿ.ಮೀ. ಫೋಕಲ್ ಲೆಂತಿನ (ಮುಂದಿನ ಲೆನ್ಸಿನಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ) ಟೆಲಿಸ್ಕೋಪಿಗೆ 4 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್), ಜೊತೆಗೆ 2 ಪಟ್ಟಿನ ಬಾರ್ಲೋ (ಚಿತ್ರವನ್ನು ಇನ್ನೂ ಎರಡು ಪಟ್ಟು ದೊಡ್ಡದಾಗಿಸುವ ಲೆನ್ಸ್) ಹಾಕಿದ್ದೇ ಇದಕ್ಕೆ ಕಾರಣ. 700ನ್ನು 4ರಿಂದ ಭಾಗಿಸಿ 2ರಿಂದ ಗುಣಿಸಿದರೆ ಚಿತ್ರ 350 ಪಟ್ಟು ದೊಡ್ಡದಾಯಿತು, 70 ಮಿ.ಮೀ. ಲೆನ್ಸಿಗೆ 140 ದಾಟಿದರೆ ಮಬ್ಬೇ. ಬಹುಶಃ ಫೈಂಡರ್ (ಗುರಿ ಹಿಡಿಯಲು ಟ್ಯೂಬಿನ ಮೇಲಿರುವ ಪುಟ್ಟ ದುರ್ಬೀನು) ಕೂಡ ಓರೆಯಾಗಿದೆ.

ಬಾರ್ಲೋ ತೆಗೆದಿಡಿ. ಹಗಲಲ್ಲೇ 25 ಮಿ.ಮೀ. ಐಪೀಸ್ ಹಾಕಿ, ಚಿತ್ರದುರ್ಗದ ಗುಡ್ಡದ ಮೇಲಿನ ಯಾವುದಾದರೂ ವಿಂಡ್‌ಮಿಲ್ಲಿನ ತುದಿಯನ್ನು ಮಧ್ಯಕ್ಕೆ ತನ್ನಿ (ಸೂರ್ಯನ ಕಡೆ ಅಪ್ಪಿತಪ್ಪಿಯೂ ತಿರುಗಿಸಬೇಡಿ, ಕಣ್ಣು ಹೋಗುತ್ತೆ). ಟ್ಯೂಬ್ ಅಲ್ಲಾಡಬಾರದು; ಫೈಂಡರಿನ ಸ್ಕ್ರೂ ಮಾತ್ರ ತಿರುಗಿಸಿ, ಅದರ ಗೆರೆಗಳು ಕೂಡುವಲ್ಲಿಗೂ ಅದೇ ತುದಿ ಬರಲಿ.

ರಾತ್ರಿ ಮೊದಲು ಚಂದ್ರನ ಮೇಲೆ ಫೋಕಸ್ ಮಾಡಿ, ಆಮೇಲೆ ಗುರು. 25 ಮಿ.ಮೀ. ಐಪೀಸಿನ 28 ಪಟ್ಟಿನಲ್ಲೇ ಅದರ ನಾಲ್ಕು ಉಪಗ್ರಹ ಸಾಲಾಗಿ ಕಾಣುತ್ತವೆ, ಒಂದೆರಡು ಮರೆಯಾಗಿರದಿದ್ದರೆ. ಕಂದು ಪಟ್ಟೆಗಳಿಗೆ 10 ಮಿ.ಮೀ. ಐಪೀಸ್. ಚಿತ್ರ ಕುದಿಯುವಂತೆ ಕಂಡರೆ ಅದು ಕಾದ ತಾರಸಿಯ ಬಿಸಿಗಾಳಿ. ಅಂಗಳಕ್ಕಿಳಿಸಿ, ಅರ್ಧ ಗಂಟೆ ಬಿಟ್ಟು ನೋಡಿ.