‘ಲಾಕ್’ ತೆಗೆಸಿದ ಸ್ಕೂಟರ್‌ಗೂ ಲೈಸೆನ್ಸ್ ಬೇಡವೇ?

ಪ್ರಶ್ನೆ: ಹತ್ತನೇ ತರಗತಿಯ ಮಗಳು ಟ್ಯೂಷನ್‌ಗೆ ಹೋಗಿಬರಲೆಂದು 25 ಕಿ.ಮೀ. ವೇಗದ ಎಲೆಕ್ಟ್ರಿಕ್ ಸ್ಕೂಟರ್ ಕೊಡಿಸಿದ್ದೇನೆ. ಲೈಸೆನ್ಸ್, ನಂಬರ್ ಪ್ಲೇಟ್, ವಿಮೆ ಯಾವುದೂ ಬೇಡವೆಂದು ಅಂಗಡಿಯವರು ಹೇಳಿದ್ದರು. ಈಗ ‘ಲಾಕ್ ತೆಗೆದುಕೊಡುತ್ತೇವೆ, 45ರವರೆಗೂ ಓಡುತ್ತದೆ’ ಎನ್ನುತ್ತಿದ್ದಾರೆ. ತೆಗೆಸಬಹುದೇ? ಈ ವಿನಾಯಿತಿಯನ್ನು ರಾಜ್ಯ ಸರ್ಕಾರ ಬದಲಿಸಬಹುದೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ದಯವಿಟ್ಟು ತೆಗೆಸಬೇಡಿ. ಅಂಗಡಿಯವರು ಮೊದಲು ಹೇಳಿದ ಮಾತು ನಿಜವಾಗಿ ಉಳಿದಿರುವುದೇ ಆ ಲಾಕ್ ಇರುವುದರಿಂದ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಬ್ಯಾಟರಿ ಚಾಲಿತ ದ್ವಿಚಕ್ರ ವಾಹನವು ‘ಮೋಟಾರು ವಾಹನ’ ಎನಿಸದಿರಬೇಕಾದರೆ ಅದರ ಮೋಟಾರಿನ ಮೂವತ್ತು ನಿಮಿಷಗಳ ಶಕ್ತಿ (ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ) 0.25 ಕಿಲೋವ್ಯಾಟ್‌ಗಿಂತಲೂ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿರಬೇಕು, ಬ್ಯಾಟರಿ ಬಿಟ್ಟು ಅದರ ತೂಕ 60 ಕೆ.ಜಿ. ಮೀರಬಾರದು, ಸರಿಯಾದ ಬ್ರೇಕ್, ಮುಂದೆ ಬಿಳಿ ಹಾಗೂ ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ಇದನ್ನೆಲ್ಲ ಪರಿಶೀಲಿಸಿ ಆ ಮಾದರಿಗೆ ಅನುಮೋದನೆ ಕೊಟ್ಟಿರಬೇಕು. ಅದರ ಪ್ರತಿಯನ್ನು ಅಂಗಡಿಯಿಂದ ಕೇಳಿ ಪಡೆದು ಗಾಡಿಯಲ್ಲೇ ಇಟ್ಟುಕೊಳ್ಳಿ. ಕೊಡಲು ಹಿಂಜರಿದರೆ ಆ ಗಾಡಿಗೆ ವಿನಾಯಿತಿ ಇದೆಯೆಂಬುದನ್ನೇ ಅನುಮಾನಿಸಬೇಕಾಗುತ್ತದೆ.

ಲಾಕ್ ಎಂದರೆ ಹಲವು ಗಾಡಿಗಳಲ್ಲಿ ಕಂಟ್ರೋಲರ್‌ನಿಂದ ಹೊರಬಂದ ಎರಡು ವೈರ್‌ಗಳ ಒಂದು ಜೋಡಣೆ, ಅಷ್ಟೇ. ಬಿಚ್ಚಲು ಎರಡು ನಿಮಿಷ ಸಾಕು. ಆದರೆ ಬಿಚ್ಚಿದ ಕ್ಷಣದಿಂದ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಓಡಿಸುವವಳು ಲೈಸೆನ್ಸ್ ಇಲ್ಲದ ಅಪ್ರಾಪ್ತೆ. ಆಗ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಂ ಅನ್ವಯವಾಗಿ ಪೋಷಕರಿಗೆ ಮೂರು ವರ್ಷಗಳವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಬೀಳಬಹುದು. ಅಂದರೆ ಅಂಗಡಿಯವರು ಬಿಚ್ಚುವ ವೈರ್‌ಗೆ ಉತ್ತರ ಕೊಡಬೇಕಾದವರು ನೀವು.

ಲಾಕ್ ಇದ್ದರೂ ನನ್ನನ್ನು ಕಾಡುವ ಸಂಗತಿಯೊಂದಿದೆ. ಪಿ.ಬಿ. ರಸ್ತೆ ದಾಟುವ ವೃದ್ಧರೊಬ್ಬರಿಗೆ ಈ ಸ್ಕೂಟರ್ ಡಿಕ್ಕಿ ಹೊಡೆಯಿತೆನ್ನಿ. ಅದು ಮೋಟಾರು ವಾಹನವಲ್ಲವಾದ್ದರಿಂದ ಅವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಲಾಗದು. ಸಿವಿಲ್ ದಾವೆಯ ದೀರ್ಘ ದಾರಿಯನ್ನೇ ಹಿಡಿಯಬೇಕು. ಅಜಾಗರೂಕ ಚಾಲನೆಗೆ ಮಾತ್ರ ವಿನಾಯಿತಿಯಿಲ್ಲ: ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ‘ಯಾವುದೇ ವಾಹನ’ಕ್ಕೆ ಅನ್ವಯಿಸುತ್ತದೆ. ಕಾನೂನು ಕೇಳಲಿ ಬಿಡಲಿ, ಮಗಳಿಗೆ ಹೆಲ್ಮೆಟ್ ಹಾಕಿಸಿಯೇ ಕಳುಹಿಸಿ.

ಇನ್ನು ರಾಜ್ಯದ ಅಧಿಕಾರ. ಯಾಂತ್ರಿಕ ವಾಹನಗಳು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯ. ಕರ್ನಾಟಕ ಮೋಟಾರು ವಾಹನ ನಿಯಮಗಳು, 1989ಕ್ಕೆ ತಿದ್ದುಪಡಿ ತಂದು ಕೇಂದ್ರದ ವ್ಯಾಖ್ಯೆಯನ್ನು ಮೀರಲಾಗದು. ವಿಧಾನಮಂಡಲವು ಕೇಂದ್ರ ಕಾಯ್ದೆಗೆ ವ್ಯತಿರಿಕ್ತವಾದ ತಿದ್ದುಪಡಿಯನ್ನು ತಂದರೆ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬೇಕು. ಹಾಗೆ ತರುವುದಾದರೆ, ಮಾರಾಟದ ವೇಳೆ ಅನುಮೋದನೆ ಪತ್ರದ ಪ್ರತಿ ಕೊಡುವುದನ್ನು ಮತ್ತು ಮೂರನೇ ವ್ಯಕ್ತಿಯ ವಿಮೆಯನ್ನು ಕಡ್ಡಾಯಗೊಳಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಲೈಸೆನ್ಸ್‌ಗಿಂತ ಮೊದಲು ಬೇಕಾಗಿರುವುದು ಅದೇ.

ಪ್ರಶ್ನೆ: ಬಸ್ ನಿಲ್ದಾಣದಿಂದ ಕೋಟೆಗೆ ಜನರನ್ನು ಕರೆದೊಯ್ಯಲು ಇ-ರಿಕ್ಷಾ ಕೊಂಡಿದ್ದೇನೆ. ಅದರ ವೇಗವೂ 25 ಕಿ.ಮೀ. ಮೀರುವುದಿಲ್ಲ. ನನಗೂ ಈ ವಿನಾಯಿತಿ ಸಿಗುವುದೇ?
– ಓದುಗರು, ಚಿತ್ರದುರ್ಗ

ಉತ್ತರ: ಇಲ್ಲ. ಮೇಲಿನ ವಿನಾಯಿತಿ ಎರಡು ಚಕ್ರದ ಗಾಡಿಗೆ ಮಾತ್ರ. 2015ರ ತಿದ್ದುಪಡಿಯು 2ಎ ಕಲಂ ಸೇರಿಸಿ, 4,000 ವ್ಯಾಟ್ ಮೀರದ ಮೂರು ಚಕ್ರದ ಇ-ರಿಕ್ಷಾವನ್ನು ಕಾಯ್ದೆಯ ವ್ಯಾಪ್ತಿಗೆ ತಂದಿದೆ. ಆದ್ದರಿಂದ ಕೆಎ-16 ನೋಂದಣಿ, ಲೈಸೆನ್ಸ್, ವಿಮೆ ಮೂರೂ ಬೇಕು. ನಾಲ್ವರು ಪ್ರಯಾಣಿಕರು, ಒಟ್ಟು 40 ಕೆ.ಜಿ. ಸಾಮಾನು ಎಂಬುದು ಮಿತಿ. ಪರ್ಮಿಟ್‌ನಿಂದ ಕೇಂದ್ರವು 2016ರಲ್ಲಿ ವಿನಾಯಿತಿ ಕೊಟ್ಟಿದ್ದರೂ ಯಾವ ರಸ್ತೆಯಲ್ಲಿ ಓಡಿಸಬಾರದೆಂದು ನಿರ್ಬಂಧಿಸಲು ರಾಜ್ಯಕ್ಕೆ ಅವಕಾಶವಿದೆ. ಕೋಟೆಯ ರಸ್ತೆಗೆ ಅಂಥ ಆದೇಶ ಇದೆಯೇ ಎಂದು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆ ಮಾಡಿಸಿದ ಮೇಲೆಯೇ ಗಾಡಿ ಇಳಿಸಿ.